ರಂಜಾನ್ ತಿಂಗಳ ಅಳತೆ

ಮಗಳು ಅಬುಧಾಬಿಯ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಕೊನೆಯ ವರ್ಷದಲ್ಲಿದ್ದಾಗ ಅವಳ ಪ್ರೊಫೆಸರ್ ಒಂದು ಅಧ್ಯಯನ ಕೈಗೆತ್ತಿಕೊಂಡರು. ಖಿನ್ನತೆ ಅಳೆಯಲು ಬೇರೆ ದೇಶದಲ್ಲಿ ಸಿದ್ಧಪಡಿಸಿದ ಪ್ರಶ್ನೆಗಳು ಇಲ್ಲಿನ ಅರಬ್ ವಿದ್ಯಾರ್ಥಿಗಳಿಗೂ ಒಗ್ಗುತ್ತವೆಯೇ ಎಂದು ನೋಡುವುದು ಅದರ ಉದ್ದೇಶ. ಅರಬಿಗೆ ಅನುವಾದವಾಗಿದ್ದ ಆ ಪ್ರಶ್ನೆಗಳನ್ನು ಕೇಳಿ, ಅಂಕಗಳನ್ನು ಲೆಕ್ಕ ಹಾಕಿ, ಕಾಲೇಜಿನ ಸಂಶೋಧನಾ ದಿನದಂದು ಮಂಡಿಸುವ ಕೆಲಸ ಮಗಳದು. ಮುಂದಿನ ಓದಿಗೆ ಆ ಪ್ರೊಫೆಸರ್ ಬರೆಯುವ ಶಿಫಾರಸು ಪತ್ರ ಅವಳಿಗೆ ಬೇಕೇ ಬೇಕಿತ್ತು.

ಅಂಕಗಳು ನಿರೀಕ್ಷೆಗಿಂತ ಬಹಳ ಹೆಚ್ಚು ಬಂದವು. ಆ ವರ್ಷವಷ್ಟೇ ಈ ದೇಶಕ್ಕೆ ಬಂದಿದ್ದ ಪ್ರೊಫೆಸರ್‌ಗೆ ದೊಡ್ಡದೊಂದು ಫಲಿತಾಂಶ ಸಿಕ್ಕಿತೆಂದು ಸಂತೋಷವಾಯಿತು. ಪತ್ರಿಕೆಯ ಸುದ್ದಿಮನೆಯಲ್ಲಿ ಕೆಲಸ ಮಾಡುವ ನನ್ನ ತಲೆಯಲ್ಲಿ ಶೀರ್ಷಿಕೆಯೊಂದು ತಾನಾಗಿ ಮೂಡಿತು.

ಸಂಜೆ ಖಲೀಫಾ ಸಿಟಿಯ ಮನೆಗೆ ಮರಳುವಾಗ ಕಾರಿನಲ್ಲಿ ಮಗಳು ಕೇಳಿದಳು: "ಪಪ್ಪ, ಇದನ್ನು ನೀವು ಪೇಪರಲ್ಲಿ ಹಾಕ್ತೀರಾ?"

"ಯಾರನ್ನು ಕೇಳಿದ್ದು, ಯಾವಾಗ ಕೇಳಿದ್ದು, ಅದು ಗೊತ್ತಾದ ಮೇಲೆ."

"ಆ 'ಯಾವಾಗ'ದಲ್ಲೇ ಪ್ರಾಬ್ಲೆಮ್. ರಂಜಾನಲ್ಲಿ ಕೇಳಿದ್ದು."

ಉತ್ತರ ಕೊಟ್ಟವರಲ್ಲಿ ಈ ದೇಶದವಳೇ ಆದ ಅವಳ ಎಮಿರಾಟಿ ಗೆಳತಿಯೂ ಇದ್ದಳಂತೆ. ಗೆಳತಿ ಆಡಿದ್ದನ್ನು ಮಗಳು ಅವಳದೇ ಧಾಟಿಯಲ್ಲಿ ಹೇಳಿ ತೋರಿಸಿದಳು: "ಎರಡು ವಾರದಿಂದ ನಿದ್ದೆ ಸರಿ ಉಂಟಾ, ಹಸಿವು ಹೇಗುಂಟು, ಸುಸ್ತಾಗ್ತದಾ ಅಂತ ಉಪವಾಸದ ತಿಂಗಳಲ್ಲಿ ಕೇಳ್ತೀಯಲ್ಲ! ಹಾಗಾದ್ರೆ ನನ್ನ ಅಜ್ಜಿಗೂ ಡಿಪ್ರೆಶನ್. ಯಲ್ಲಾ, ನಡಿ, ಅಜ್ಜಿಯನ್ನೂ ಸೇರಿಸ್ಕೋ!"

ಇದನ್ನು ನಾಳೆ ಪ್ರೊಫೆಸರ್‌ಗೆ ಹೇಳುತ್ತೇನೆ ಎಂದು ಮಗಳು ಮನೆಯಲ್ಲಿ ಅಂದಾಗ, ಆಸ್ಪತ್ರೆಯ ಡ್ಯೂಟಿ ಮುಗಿಸಿ ಬಂದಿದ್ದ ನನ್ನ ಹೆಂಡತಿ ಗಾಬರಿಯಾದಳು.

"ಅಷ್ಟು ಓದಿದವರಿಗೆ ಗೊತ್ತಿಲ್ಲದ್ದು ನಿಂಗೆ ಗೊತ್ತುಂಟಾ? ಸುಮ್ನೆ ಲೆಟರ್ ತಕ್ಕೊಂಡು ಖಲಾಸ್ ಮಾಡು ಮಾರಾಯ್ತಿ."

"ಅಮ್ಮ, ನಾನು ಹುಟ್ಟಿದ್ದು ಇಲ್ಲಿ. ರಂಜಾನಲ್ಲಿ ಊರು ಯಾವಾಗ ಮಲಗ್ತದೆ, ಯಾವಾಗ ಏಳ್ತದೆ ಅಂತ ನಂಗೆ ಗೊತ್ತುಂಟು. ಅವರಿಗೆ ಇದು ಫಸ್ಟ್ ರಂಜಾನ್."

"ಪಪ್ಪನದೇ ಹಟ," ಎಂದು ಹೆಂಡತಿ ನನ್ನ ಕಡೆ ನೋಡಿದಳು. ನನಗೆ ಒಳಗೊಳಗೇ ಖುಷಿಯಾಗಿತ್ತು.

ಮರುದಿನ ಮಗಳು ಪ್ರೊಫೆಸರ್ ಎದುರು ಇದನ್ನೇ ಹೇಳಿದಳು. ಅವರು ಅಂಕಗಳ ಹಾಳೆಯನ್ನು ಮತ್ತೆ ಮೊದಲಿಂದ ನೋಡಿದರಂತೆ. ಕೊನೆಗೆ, ಈದ್ ಕಳೆದ ಮೇಲೆ ಅದೇ ವಿದ್ಯಾರ್ಥಿಗಳನ್ನು ಇನ್ನೊಮ್ಮೆ ಕೇಳು ಎಂದರು. ಪತ್ರದ ಬಗ್ಗೆ ಅವರು ಏನೂ ಹೇಳಲಿಲ್ಲ, ಇವಳೂ ಕೇಳಲಿಲ್ಲ.

ಈದ್ ಕಳೆದು, ಎಲ್ಲರ ಊಟ ನಿದ್ದೆ ಹಳೆಯ ಹೊತ್ತಿಗೆ ಮರಳುವವರೆಗೆ ಕಾದು ಮಗಳು ಮತ್ತೆ ಕೇಳಿದಳು. ಹೆಚ್ಚಿನವರ ಅಂಕ ಇಳಿಯಿತು. ಕೆಲವರದು ಇದ್ದಲ್ಲೇ ಇತ್ತು. ಮೊದಲ ಸಲ ಎಲ್ಲರ ಅಂಕವೂ ಏರಿದ್ದರಿಂದ ನಿಜಕ್ಕೂ ಕಷ್ಟದಲ್ಲಿದ್ದ ಇವರು ಆ ಗುಂಪಿನಲ್ಲಿ ಕಾಣದೆ ಹೋಗಿದ್ದರು. ಆಪ್ತಸಲಹೆಗಾರರ ನೆರವು ಬೇಕೇ ಎಂದು ಪ್ರೊಫೆಸರ್ ಅವರನ್ನು ಖಾಸಗಿಯಾಗಿ ವಿಚಾರಿಸಿದರು. ಅವರು ಯಾರೆಂದು ಮಗಳು ಮನೆಯಲ್ಲಿ ಹೇಳಲಿಲ್ಲ. ಸುದ್ದಿಮನೆಯವನಾದರೂ ನಾನು ಕೇಳಲಿಲ್ಲ.

ಸಂಶೋಧನಾ ದಿನ ನಾನು, ಹೆಂಡತಿ ಇಬ್ಬರೂ ಹಿಂದಿನ ಸಾಲಿನಲ್ಲಿ ಕುಳಿತೆವು. ಪ್ರೊಫೆಸರ್ ಮುಂದೆಯೇ ಇದ್ದರು. ಮಗಳು ವೇದಿಕೆಗೆ ಹೋಗಿ ಆಡಿದ ಮೊದಲ ಮಾತು: "ನಮ್ಮ ಮೊದಲ ಅಳತೆ ತಪ್ಪಾಗಿತ್ತು." ಪತ್ರಿಕೆಯಲ್ಲಿ ನಾವು ತಿದ್ದುಪಡಿಯನ್ನು ಒಳಪುಟದ ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಹಾಕುತ್ತೇವೆ. ಇವಳು ಅದನ್ನೇ ಮುಖಪುಟ ಮಾಡಿದ್ದಳು. ಇಷ್ಟು ವರ್ಷಗಳ ವೃತ್ತಿಯಲ್ಲಿ ಯಾವ ಸುದ್ದಿಗೂ ನನ್ನ ಎದೆ ಹಾಗೆ ಉಬ್ಬಿದ್ದಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಪ್ರೊಫೆಸರ್ ನಮ್ಮ ಬಳಿ ಬಂದರು. "ಶಿಫಾರಸು ಪತ್ರ ಸಿದ್ಧವಿದೆ," ಎಂದರು. "ಇವಳು ನನ್ನ ತಪ್ಪು ತೋರಿಸಿದ ದಿನವೇ ಬರೆದಿಟ್ಟಿದ್ದೆ."

ಕಾರು ಹತ್ತಿದ ಕೂಡಲೇ ಹೆಂಡತಿಯ ಬಾಯಿ ತೆರೆಯಿತು. "ಅದನ್ನು ಆವತ್ತೇ ಹೇಳ್ಲಿಕ್ಕೆ ಆಗ್ಲಿಲ್ವಾ ಆ ಮನುಷ್ಯನಿಗೆ? ನಂಗೆ ಇಷ್ಟು ದಿನ ಸರಿ ನಿದ್ದೆ ಇಲ್ಲ."

ಹಿಂದಿನ ಸೀಟಿನಿಂದ ಮಗಳು ಗಂಭೀರವಾಗಿ ಕೇಳಿದಳು: "ಹಸಿವು ಹೇಗುಂಟು, ಅಮ್ಮ?"