ಬಲ ಹೆಗಲಿಗೆ ಬದಲಾದ ಚೀಲ

ನಮ್ಮ ಕಡೆ ಕಾಳುಮೆಣಸು ಕೊಯ್ಯುವವರ ಚೀಲ ಎಡ ಹೆಗಲಿನಿಂದ ತೂಗುತ್ತದೆ. ಒಂಟಿ ಬಿದಿರಿನ ಏಣಿಯ ಮೇಲೆ ನಿಂತು, ಬಲಗೈಯಿಂದ ಗೊಂಚಲು ಕಿತ್ತು, ಎಡಬದಿಯ ಚೀಲಕ್ಕೆ ಇಳಿಬಿಡುವುದು ರೂಢಿ. ಹೀಗಾಗಿ ಕೊಯ್ಲಿನ ದಿನಗಳಲ್ಲಿ ಎಡ ಹೆಗಲು ನೋಯುವುದು ಯಾರಿಗೂ ಸುದ್ದಿಯಲ್ಲ.

ಹೆಗ್ಗದ್ದೆ ಕಡೆಯ ತೋಟವೊಂದರಲ್ಲಿ ಏಣಿ ಹತ್ತುತ್ತಿದ್ದ ನನ್ನ ಚಿಕ್ಕಪ್ಪನಿಗೆ ಹೋದ ಕೊಯ್ಲಿನಲ್ಲಿ ನೋವು ಶುರುವಾದಾಗ ನಾನು ವಿಶ್ವವಿದ್ಯಾಲಯದ ರಜೆಯಲ್ಲಿ ಅವರ ಮನೆಯಲ್ಲಿದ್ದೆ. ಏಣಿ ಏರುವಾಗ ಎದೆಯ ನಡುವೆ ಬಿಗಿತ, ಅಲ್ಲಿಂದ ಎಡತೋಳಿಗೆ ಸೆಳೆತ. ಇಳಿದು ಕೂತರೆ ಮಾಯ. ಚಿಕ್ಕಪ್ಪ ತಪ್ಪನ್ನೆಲ್ಲ ಚೀಲದ ಮೇಲೆ ಹಾಕಿ, ಅದನ್ನು ಬಲ ಹೆಗಲಿಗೆ ಬದಲಾಯಿಸಿಕೊಂಡ.

"ಏನ್ ಮಾರಾಯ, ಮದ್ವೆ ಗಂಡಿನ್ ಶಲ್ಯದಂಗೆ ಆ ಕಡೆ ಈ ಕಡೆ ಹಾಕ್ಕಂತೀಯ?" ಎಂದು ಜೊತೆಯವನೊಬ್ಬ ಕಿಚಾಯಿಸಿದ.

"ಎಡಗೈ ಸ್ಟ್ರೈಕ್ ಮಾಡ್ಬುಟ್ಟೈತೆ ಕಣೋ," ಎಂದು ಚಿಕ್ಕಪ್ಪ ನಕ್ಕ.

ಅದೇ ವಾರ ಹತ್ತಿರದ ಊರಿನಲ್ಲಿ ಹೃದಯದ ಆರೋಗ್ಯದ ಬಗ್ಗೆ ಜಾಗೃತಿ ಕಾರ್ಯಕ್ರಮವಿತ್ತು. ಬ್ಯಾನರಿನಲ್ಲಿ ಕೋಟು ತೊಟ್ಟ ದಪ್ಪ ಮನುಷ್ಯನೊಬ್ಬ ಎದೆ ಹಿಡಿದುಕೊಂಡಿದ್ದ. ದಿನವೂ ನಡೆಯಿರಿ, ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿ, ಕುರುಕಲು ತಿಂಡಿ ಬಿಡಿ ಎಂದರು. ಅಂದಿನ ಕೆಲಸ ಬಿಟ್ಟು ಅಲ್ಲಿಗೆ ಹೋಗಿದ್ದ ಚಿಕ್ಕಮ್ಮ ಸಂಜೆ ನನ್ನೆದುರು ಸಿಡುಕಿದಳು: "ನಡೀರಿ ಅಂದ್ರು ಕಣವ್ವ. ಬೆಳಗಿಂದ ಗುಡ್ಡ ಹತ್ತಿ ಇಳಿಯೋದು ಅವರ್ ಲೆಕ್ಕದಲ್ಲಿ ಕೂತಿರೋದಾ?"

ಚಿಕ್ಕಪ್ಪನಿಗೆ ಮಾತ್ರ ಆ ಮಾತು ನೆಮ್ಮದಿ ಕೊಟ್ಟಿತು. "ಹಂಗಾರೆ ನನ್ನೆದೆ ಗಟ್ಟಿಯಾಗೈತೆ ಬುಡು. ಹೊಟ್ಟೆ ಇಲ್ಲ, ಲಿಫ್ಟ್ ಇಲ್ಲ, ಕೋಟೂ ಇಲ್ಲ."

ಈ ನೆಮ್ಮದಿಯೇ ನನ್ನನ್ನು ಇಂದಿಗೂ ಕಾಡುತ್ತದೆ. ಜೀವ ಉಳಿಸಬೇಕಾದ ತಿಳಿವಳಿಕೆ, ಅಪಾಯದಲ್ಲಿದ್ದವನಿಗೆ ನಿನಗೇನೂ ಆಗದು ಎಂಬ ಭರವಸೆಯನ್ನು ಮನೆಗೆ ಕಳಿಸಿತ್ತು.

ಕೆಲವು ದಿನಗಳ ನಂತರ, ಬೆಳಿಗ್ಗೆ ರೊಟ್ಟಿ ತಿನ್ನುತ್ತ ಕುಳಿತಿದ್ದಾಗಲೇ ಚಿಕ್ಕಪ್ಪನಿಗೆ ನೋವು ಬಂತು. ಹಣೆಯಲ್ಲಿ ತಣ್ಣನೆಯ ಬೆವರು. ಸ್ವಲ್ಪ ಮಲಗಿದರೆ ಸರಿಹೋಗುತ್ತದೆ, ಇದು ಅದೇ ಚೀಲದ ನೋವು ಎಂದ ಗಂಡನ ಮೇಲೆ ಚಿಕ್ಕಮ್ಮ ರೇಗಿದಳು: "ಚೀಲ ಗ್ವಾಡೆ ಮೇಲ್ ನೇತಾಡ್ತೈತೆ, ನಿಮ್ ಹೆಗಲ್ ಮೇಲಿಲ್ಲ! ಏಳಿ ಮೇಲೆ!"

ಜೀಪಿನಲ್ಲಿ ಸಕಲೇಶಪುರ, ಅಲ್ಲಿಂದ ಹಾಸನ. ಚಿಕ್ಕಪ್ಪ ಬದುಕಿದ. ಏಣಿ ಹತ್ತುವಾಗ ಬರುತ್ತಿದ್ದ ನೋವೇ ಹೃದಯದ ಎಚ್ಚರಿಕೆಯಾಗಿತ್ತು, ಆಗಲೇ ಬಂದಿದ್ದರೆ ಹೃದಯದ ಸ್ನಾಯು ಇಷ್ಟು ಸಾಯುತ್ತಿರಲಿಲ್ಲ ಎಂದರು ವೈದ್ಯರು. ಇನ್ನು ಏಣಿ ಹತ್ತುವಂತಿಲ್ಲ.

ಕಾರ್ಯಕ್ರಮ ನಡೆಸಿದ ಅಧಿಕಾರಿಯನ್ನು ಹುಡುಕಿಕೊಂಡು ಹೋದೆ.

"ನೋಡಮ್ಮ, ಬ್ಯಾನರು, ಭಾಷಣ ಎಲ್ಲಾ ಮೇಲಿಂದ್ಲೇ ಬರುತ್ತೆ. ಜನಕ್ಕೆ ತಿಳಿಸೋದು ನಮ್ಮ ಕೆಲಸ, ತಿಳಿಸಿದ್ದೀವಿ."

"ಯಾವ ಜನಕ್ಕೆ ಸಾರ್?"

ಅವರು ಮೊಬೈಲಿನಲ್ಲಿ ಸಭೆಯ ಫೋಟೊ ತೋರಿಸಿದರು. ಮುಂದಿನ ಸಾಲಿನಲ್ಲಿ ಚಿಕ್ಕಮ್ಮ ಕೂತಿದ್ದಳು.

ಹಳ್ಳಿಯವರಿಗೆ ಅರಿವಿಲ್ಲ ಎಂದು ದೂರುವವರು ತಾವು ಹಂಚಿದ ಅರಿವು ಯಾರ ಮೈಯನ್ನು ನೋಡಿ ಬರೆದದ್ದು ಎಂದು ಮೊದಲು ಹೇಳಲಿ. ದುಡಿಯುವ ತೆಳ್ಳನೆಯ ದೇಹಕ್ಕೂ ಬೀಡಿಯಿದೆ, ರಕ್ತದೊತ್ತಡವಿದೆ, ಸಕ್ಕರೆ ಕಾಯಿಲೆಯಿದೆ. ಹತ್ತುವಾಗ ಬಂದು ಕೂತಾಗ ಹೋಗುವ ಎದೆನೋವನ್ನು ಚೀಲಕ್ಕೋ ಗ್ಯಾಸಿಗೋ ಕಟ್ಟದೆ ಅಂದೇ ಆಸ್ಪತ್ರೆಗೆ ತೋರಿಸಬೇಕೆಂಬ ಒಂದು ಮಾತನ್ನು ಏಣಿಯ ಬುಡದಲ್ಲಿ ನಿಂತು ಹೇಳುವವರು ಬೇಕು. ಕೊಯ್ಲಿಗೆ ಮುನ್ನ ಏಣಿ ಗಟ್ಟಿಯಿದೆಯೇ ಎಂದು ಪರೀಕ್ಷಿಸುವ ತೋಟದ ಮಾಲೀಕರು, ಅದನ್ನು ಹತ್ತುವವರ ತಪಾಸಣೆಯನ್ನೂ ಮಾಡಿಸಲಿ. ಇದನ್ನು ದಯೆಯೆಂದು ನಾನು ಕೇಳುತ್ತಿಲ್ಲ.

ಚಿಕ್ಕಪ್ಪನಿಗೆ ನನ್ನ ಈ ಜಗಳ ಇಷ್ಟವಿಲ್ಲ. "ಅಷ್ಟ್ ದೂರದಿಂದ ಬಂದು ಹೇಳಿದ್ರಲ್ಲವ್ವ, ಅದೇ ದೊಡ್ಡದು, ಬುಡು," ಎನ್ನುತ್ತಾನೆ. ಅಷ್ಟನ್ನು ಹೇಳಿ ಮುಗಿಸಲು ಆತ ನಡುವೆ ಒಮ್ಮೆ ನಿಲ್ಲಿಸಿ ಉಸಿರು ಎಳೆದುಕೊಳ್ಳಬೇಕಾಗುತ್ತದೆ.