ಎಕ್ಕೆಯ ಕೊರಳಿಗೆ ತಾಳಿ

ನನ್ನ ಗಂಡನಿಗೆ ನಾನು ನಾಲ್ಕನೆಯವಳು. ಮೂರನೆಯವಳ ಮದುವೆಗೆ ನಾನೇ ಹೋಗಿದ್ದೆ.

ಆಗ ನನಗೆ ನಲವತ್ತು ದಾಟಿತ್ತು. ನರಗುಂದದ ಗುಡ್ಡದ ಕೆಳಗೆ ನನ್ನದೊಂದು ಕುಬಸ ಹೊಲಿಯುವ ಅಂಗಡಿ. ಮದುವೆ ಯಾಕೆ ಆಗಿರಲಿಲ್ಲವೆಂದರೆ, ಬಂದ ಗಂಡುಗಳನ್ನೆಲ್ಲ ನನ್ನ ಚಿಂತೆ ಓಡಿಸಿತ್ತು. ಒಬ್ಬ ಕೆಮ್ಮಿದ, ಕ್ಷಯವಿರಬಹುದು ಅಂದೆ. ಇನ್ನೊಬ್ಬ ಬೈಕನ್ನು ಜೋರಾಗಿ ಹೊಡೆಯುತ್ತಿದ್ದ. ಮತ್ತೊಬ್ಬರ ಹಿತ್ತಲಲ್ಲಿ ಕಟ್ಟೆಯಿಲ್ಲದ ಬಾವಿಯಿತ್ತು. ನನ್ನ ತಾಯಿ ಕಡೆಗೆ, 'ನಿನಗ ಗಂಡ ಬ್ಯಾಡ, ಒಂದು ಇನ್ಶೂರೆನ್ಸ್ ಆಫೀಸು ಬೇಕು' ಅಂದು ಕೈಬಿಟ್ಟಿದ್ದಳು.

ಇಂಥ ನನ್ನನ್ನು ನೋಡಲು ಪೇಟೆಯ ಕಾಳಿನ ವ್ಯಾಪಾರಿಯೊಬ್ಬರು ಬಂದರು. ಬೆಳವಣಕಿಯಲ್ಲಿ ಹೊಲ, ನರಗುಂದದಲ್ಲಿ ಅಂಗಡಿ. ಇಬ್ಬರು ಹೆಂಡಂದಿರು ತೀರಿಹೋಗಿದ್ದರು, ಇಬ್ಬರೂ ಜ್ವರದಲ್ಲಿ. ನಾನು ಚಹಾದ ತಾಟು ಹಿಡಿದು ಬಂದು ಕೂತೆ. ಅವರು ನನ್ನ ಮುಖ ನೋಡಲಿಲ್ಲ, ನೆತ್ತಿಯ ಮೇಲೆ ನೋಡುತ್ತಿದ್ದರು. 'ರೀ, ತುಸು ಈಚಿಗೆ ಕುಂದರ್ರಿ. ಆ ಫ್ಯಾನು ಅಳ್ಳಾಡಾಕತ್ತೈತಿ' ಅಂದರು. ಊರಿನಲ್ಲಿ ಬೇರೆಯವರ ಮನೆಗೆ ಹೋದಾಗ ಮೊದಲು ಫ್ಯಾನಿನ ನಟ್ಟು ನೋಡುವವಳು ನಾನೊಬ್ಬಳೇ ಎಂದುಕೊಂಡಿದ್ದೆ. ಒಪ್ಪಿಬಿಟ್ಟೆ.

ಒಪ್ಪಿದ ಮೇಲೆ ಅವರ ಅಕ್ಕ, ನನಗೆ ನಾದಿನಿಯಾಗುವವರು, ಬಂದರು. ಬಾಗಿಲಲ್ಲೇ ನಿಂತು ವಿಷಯ ಹೇಳಿದರು.

'ಮೂರನೇದಾಕಿ ಉಳಿಯೂದಿಲ್ಲವಾ ತಂಗಿ. ಅದಕ್ಕ ಮೂರನೇದನ್ನ ಎಕ್ಕಿಗಿಡಕ್ಕ ಕಟ್ಟತೀವಿ. ನಿನ್ನ ನಾಕನೇದಾಕಿ ಮಾಡತೀವಿ. ಬಡ್ತಿ ಅಂತ ತಿಳಕೋ.'

ನಮ್ಮ ಕಡೆ ಎಕ್ಕೆಯ ಬಗ್ಗೆ ಗೊತ್ತಿಲ್ಲದವರು ಯಾರು? ಶನಿವಾರ ಅದರ ಹಾರ ಹನುಮಪ್ಪನ ಕೊರಳಿಗೆ. ರಥಸಪ್ತಮಿಯ ದಿನ ಅದರ ಎಲೆ ನೆತ್ತಿಯ ಮೇಲಿಟ್ಟು ಸ್ನಾನ. ಬಿಳಿ ಎಕ್ಕೆಯ ಬೇರಿನಲ್ಲಿ ಗಣಪತಿ ಮೂಡುತ್ತಾನೆಂದು ಹುಡುಕಿಕೊಂಡು ಅಲೆಯುವವರಿದ್ದಾರೆ. ಅದೇ ಗಿಡದ ಹಾಲು ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆಂದು ಮಕ್ಕಳನ್ನು ಎಳೆದುಕೊಂಡು ಬರುತ್ತೇವೆ. ಜಗಳಕ್ಕೆ ನಿಂತ ಹೆಂಗಸು ಕಟ್ಟಕಡೆಗೆ ಎಸೆಯುವ ಮಾತೂ ಅದೇ, 'ನಿನ್ನ ಮನ್ಯಾಗ ಎಕ್ಕಿ ಹುಟ್ಟಲಿ.' ಇಂಥ ಗಿಡಕ್ಕೆ ತಾಳಿ ಕಟ್ಟಿ, ಆಮೇಲೆ ಅದನ್ನು ಕಡಿದು ಹಾಕುತ್ತಾರೆ. ಮೂರನೆಯವಳಿಗೆಂದು ಬರೆದಿದ್ದ ಸಾವು ಅದರ ಪಾಲಿಗೆ ಹೋಗುತ್ತದೆ. ನಾಲ್ಕನೆಯವಳು ನೆಮ್ಮದಿಯಿಂದ ಬಾಳುತ್ತಾಳೆ.

ಮದುವಣಗಿತ್ತಿ ಅಲ್ಲಿಗೆ ಬರಬಾರದಂತೆ. 'ಸವತಿ ಮಾರಿ ನೋಡದ ನಾನು ಸಂಸಾರಕ್ಕ ಬರೂದಿಲ್ರಿ' ಅಂದೆ. ಧೈರ್ಯದಿಂದ ಅಂದದ್ದಲ್ಲ. ಸರಿಯಾಗಿ ಕಡಿಯುತ್ತಾರೋ ಇಲ್ಲವೋ ಎಂದು ಕಣ್ಣಾರೆ ನೋಡಬೇಕಿತ್ತು.

ನಮ್ಮ ಮದುವೆಯ ಹಿಂದಿನ ದಿನ ಬೆಳವಣಕಿಯ ಹೊಲಕ್ಕೆ ಹೋದೆವು. ಬೇಸಿಗೆಯ ಎರೆಭೂಮಿ ಬಾಯಿ ಬಿಟ್ಟಿತ್ತು. ಅಷ್ಟು ಬಿಸಿಲಿನಲ್ಲೂ ಬದುವಿನ ಮೇಲೆ ಅವಳು ಎದೆಯೆತ್ತರ ನಿಂತಿದ್ದಳು. ಬೂದಿ ಸವರಿದಂಥ ದಪ್ಪ ಎಲೆ, ತುದಿಗೆ ನೇರಳೆ ಬಣ್ಣದ ಹೂಗೊಂಚಲು. ನಾದಿನಿ ಅವಳಿಗೆ ಅರಿಶಿನ ಹಚ್ಚಿ ಹಸಿರು ಕುಬಸದ ಖಣ ಉಡಿಸಿದರು. ಕನ್ಯಾದಾನಕ್ಕೆ ಗಿಡದ ಕಡೆಯವರು ಬೇಕಲ್ಲ, ಪಕ್ಕದ ಹೊಲದ ಮುದುಕರನ್ನು ಕರೆದರು. ಅವರು ತಲೆಯ ಪಟಕಾ ಸರಿಮಾಡಿಕೊಂಡು, 'ನಮ್ಮ ಹುಡಿಗಿ ಭಾಳ ಗಟ್ಟಿರಿ. ಆಡು ಸೈತ ಬಾಯಿ ಹಾಕೂದಿಲ್ಲ. ಹುಷಾರಿಲೇ ನೋಡಿಕೋರಿ' ಅಂದರು. ಐನಾರು ಮಂತ್ರದ ನಡುವೆಯೇ ನಕ್ಕರು. ನಗದಿದ್ದವರು ವರ ಒಬ್ಬರೇ. ತಾಳಿಯ ಮೂರು ಗಂಟುಗಳನ್ನೂ ಮತ್ತೆ ಮತ್ತೆ ಎಳೆದು ನೋಡಿದರು. ಅದನ್ನು ನೋಡಿದ ಮೇಲೆ ನನಗೂ ನಗು ಬರಲಿಲ್ಲ. ಕುಡಗೋಲಿನಿಂದ ಕಡಿದಾಗ ಬಿಳಿ ಹಾಲು ಮಣ್ಣಿಗೆ ತೊಟ್ಟಿಕ್ಕಿತು.

ಮರುದಿನ ನಮ್ಮ ಮದುವೆಯಾಯಿತು. ಇಬ್ಬರು ಅಂಜುಬುರುಕರು ಒಂದೇ ಮನೆಯಲ್ಲಿ ಹೇಗಿರುತ್ತಾರೆಂದು ಕೇಳಿದರೆ, ಒಬ್ಬರು ಧೈರ್ಯವಂತರಾಗಲೇಬೇಕಾಗುತ್ತದೆ ಎನ್ನುತ್ತೇನೆ. ನಾನು ಸೀನಿದರೆ ಇವರು ಬೈಕಿನ ಚಾವಿ ಹುಡುಕುತ್ತಿದ್ದರು. 'ದವಾಖಾನಿಗೆ ಹೋಗಿ ಬರೂಣು ನಡಿ.' 'ಒಗ್ಗರಣಿ ಘಾಟರಿ ಅದು!' ಜೀವಮಾನದಲ್ಲಿ ಮೊದಲ ಬಾರಿಗೆ, ಚಿಂತೆಯಲ್ಲಿ ನಾನು ಎರಡನೆಯ ಸ್ಥಾನಕ್ಕೆ ಇಳಿದಿದ್ದೆ. ಸುಖವಾಗಿಯೇ ಇತ್ತು.

ಮಳೆ ಬಿದ್ದು ಹೆಸರು ಬಿತ್ತಿದ ಮೇಲೆ ಇವರು ಊಟ ಬಿಟ್ಟರು. ನನ್ನ ಹಣೆ ಮುಟ್ಟಿ ಮುಟ್ಟಿ ನೋಡುತ್ತಿದ್ದರು. ಏನೆಂದು ಕೇಳಿದರೆ ಬೆಳೆಯ ಮಾತು ತೆಗೆಯುತ್ತಿದ್ದರು. ಒಂದು ದಿನ ಮುಂಜಾನೆ, ಹೊಲಕ್ಕೆ ಹೋಗಿ ಬರುತ್ತೇನೆಂದು ಹೊರಟರು. ನಾನು ಅಂಗಡಿಯಲ್ಲಿ ಕುಬಸಕ್ಕೆ ತೋಳು ಕೂಡಿಸುತ್ತಿದ್ದಾಗ ಪಕ್ಕದ ಹೊಲದ ಮುದುಕರ ಫೋನು ಬಂತು.

'ಯವ್ವಾ, ಗಾಬರಿ ಆಗಬ್ಯಾಡ. ಎಕ್ಕಿ ಮತ್ತ ಚಿಗತಿತ್ತು. ಗುದ್ದಲಿ ತಗೊಂಡು ಬುಡ ಕಡ್ಯಾಕ ಹತ್ತಿದ್ದರು, ಹಾಲು ಕಣ್ಣಾಗ ಸಿಡೀತು.'

ಗಾಬರಿಯಾಗಲು ನನಗೆ ಪುರುಸೊತ್ತಿರಲಿಲ್ಲ. 'ನೀರು ಹಾಕಿ ತೊಳಕೋಂತನ ಇರ್ರಿ, ಬಿಡಬ್ಯಾಡ್ರಿ!' ಎಂದು ಕೂಗಿ ಆಟೋ ಹತ್ತಿದೆ. ಹೋದಾಗ ಇವರು ಬದುವಿನ ಮೇಲೆ ಕೂತಿದ್ದರು. ನೋವೇನಿಲ್ಲ, ಬಲಗಣ್ಣಿನ ಮುಂದೆ ಮಂಜು ಕವಿದ ಹಾಗಿದೆ ಅಂದರು. ಆ ಕಣ್ಣಿಗೆ ನನ್ನ ಮುಖವೇ ಕಾಣುತ್ತಿರಲಿಲ್ಲವಂತೆ. ಅವರಿಗೆ ಅವರ ಕಣ್ಣಿನ ಚಿಂತೆ ಒಂಚೂರೂ ಇರಲಿಲ್ಲ. 'ಬೇರು ಇನ್ನೂ ಉಳದೈತಿ' ಎಂಬುದೊಂದೇ ಮಾತು. ಆಗ ನನಗೆ ಎಲ್ಲ ತಿಳಿಯಿತು. ಗಿಡ ಸಾಯಲಿಲ್ಲ, ಹಾಗಾದರೆ ಆ ಸಾವು ತಿರುಗಿ ನನ್ನ ಕಡೆ ಹೊರಟಿದೆ ಎಂದು ಇವರು ನಂಬಿದ್ದರು.

ನರಗುಂದದ ಕಣ್ಣಿನ ಡಾಕ್ಟರು ಮತ್ತೆ ಚೆನ್ನಾಗಿ ತೊಳೆದು, ಔಷಧಿ ಹಾಕಿ, ಪಟ್ಟಿ ಕಟ್ಟಿದರು. ಕಣ್ಣುಗುಡ್ಡೆಯ ಮೇಲಿನ ಪರೆ ಬಾತಿದೆ, ಬಹುಶಃ ತಿಳಿಯಾಗುತ್ತದೆ, ಕಾದು ನೋಡೋಣ ಅಂದರು. 'ಬಹುಶಃ' ಎನ್ನುವ ಶಬ್ದ ನನ್ನಂಥವರ ಎದುರಿಗೆ ಆಡಬಾರದು.

ಸಂಜೆಗೆ ನಾದಿನಿ ಬಂದರು. 'ನೋಡಿದ್ಯಾ ಸವತಿ ಮತ್ಸರ? ಕಣ್ಣಿಗೇ ಕೈ ಹಾಕಿದಳು. ನಾಕು ಆಳು ಕರಸಿ, ಬೇರು ಸಮೇತ ಕಿತ್ತು ಸುಡೂಣು. ಇಲ್ಲಂದ್ರ ನಿನ್ನ ಬಿಡೂದಿಲ್ಲವಾ ತಂಗಿ.'

ಇವರು ಮಂಚದ ಮೇಲಿಂದ, 'ನಾಳಿಗೇ ಕಳಸೂಣು' ಅಂದರು.

ಒಳಗೊಳಗೆ ನನಗೂ ಹಾಗೇ ಅನಿಸಿತ್ತು. ಕಿತ್ತು ಬಿಸಾಕಲಿ, ಸುಡಲಿ. ಆದರೆ ಎಕ್ಕೆಯ ಬೇರು ಎಲ್ಲಿಯವರೆಗೆ ಇಳಿದಿದೆಯೋ ಯಾರು ಕಂಡಿದ್ದಾರೆ? ಚೂರು ಉಳಿದರೂ ಮುಂದಿನ ಮಳೆಗೆ ಮತ್ತೆ ಚಿಗುರುತ್ತದೆ. ಆಗ ಇವರು ಇರುವ ಇನ್ನೊಂದು ಕಣ್ಣನ್ನೂ ತೆಗೆದುಕೊಂಡು ಅಲ್ಲಿಗೇ ಹೋಗುತ್ತಾರೆ. ವರ್ಷ ವರ್ಷ ಬದು ಕಾಯುವ ಗಂಡ, ಅವರನ್ನು ಕಾಯುವ ನಾನು. ಅದಕ್ಕಿಂತ ಜ್ವರ ಬಂದು ಸಾಯುವುದೇ ವಾಸಿ.

'ಅಕ್ಕಾರ, ಮೂರನೇದಾಕಿ ಉಳಿಯೂದಿಲ್ಲ ಅಂದಿದ್ರಿ ಹೌದಿಲ್ಲೋ?' ಎಂದು ಕೇಳಿದೆ.

'ಹೌದು ಮತ್ತ.'

'ಉಳದಾಳಲ್ರಿ. ಕುಡಗೋಲಿಲೆ ಕಡದ್ರಿ, ಉಳದಳು. ಗುದ್ದಲಿ ಹಾಕಿದ್ರು, ಆಗಲೂ ಉಳದಳು. ಇವರ ಕೈಲೆ ತಾಳಿ ಕಟ್ಟಿಸಿಕೊಂಡಾಕಿ ಒಬ್ಬಾಕಿ ಇಷ್ಟು ಗಟ್ಟಿಯಾಗಿ ಬದಕ್ಯಾಳ. ನಾ ಯಾಕ ಅಂಜಲಿ? ಆಕಿನ್ನ ಕೊಂದರ ನನಗ ಅಂಜಿಕಿ.'

ನಾದಿನಿ, 'ಇದು ಶಾಸ್ತ್ರದಾಗ ಇಲ್ಲ' ಅಂದರು.

'ಎಕ್ಕಿ ತಿರುಗಿ ಚಿಗೀತೈತಿ ಅಂತ ಶಾಸ್ತ್ರದವರು ಎಲ್ಲಿ ಹೇಳಿದ್ದರ್ರಿ?'

ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ಇವರು ಮೊದಲು ಕೆಮ್ಮಿದ ಹಾಗೆ ಮಾಡಿದರು. ಆಮೇಲೆ ಗೊತ್ತಾಯಿತು, ನಗುತ್ತಿದ್ದರು. 'ಇರ್ಲಿ ಬಿಡು. ಬದುವಿನ ಮ್ಯಾಲೆ ಇರತಾಳ, ಪಾಪ' ಅಂದರು. ಆ ಸಂಜೆ ಎರಡು ರೊಟ್ಟಿ ಹೆಚ್ಚಿಗೆ ತಿಂದರು.

ಪಟ್ಟಿ ಬಿಚ್ಚಿ ಡಾಕ್ಟರು ಒಂದು ತಂಪು ಕನ್ನಡಕ ಕೊಟ್ಟರು, ಕಣ್ಣು ನಿಧಾನಕ್ಕೆ ತಿಳಿಯಾಯಿತು. ಈಗ ಅಂಗಡಿಯಲ್ಲಿ ಕೂತು ಕಡಲೆಯೊಳಗಿನ ಹರಳು ಹೆಕ್ಕುವಷ್ಟು ಕಾಣುತ್ತದೆ.

ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದೆವು. ಕಡಬು, ಪಲ್ಯ, ಅನ್ನ ಎಲ್ಲ ಕಲಸಿ ನಾದಿನಿ ಬೆಳೆಗೆ ಎರಚುತ್ತ ಬಂದರು. ಬದುವಿನ ಹತ್ತಿರ ನಿಂತರು. ಅವಳು ಮೊದಲಿಗಿಂತ ದಪ್ಪವಾಗಿ, ಹೂ ಹೊತ್ತು ನಿಂತಿದ್ದಳು. ನಾದಿನಿ ಒಂದು ಇಡೀ ಕಡಬನ್ನು ಬುಡದಲ್ಲಿಟ್ಟು, 'ತಿನ್ನವಾ, ನೀನೂ ನಮ್ಮ ಮನ್ಯಾಕಿನ' ಅಂದರು. ನಾನು ಊಟಕ್ಕೆ ಕೈ ಚಾಚಿದೆ. 'ತಡಿ, ಹಿರೇಕಿದಾಗಲಿ' ಎಂದು ಗದರಿದರು.

ಹಿರಿಯಳದಾದ ಮೇಲೆ ನನಗೂ ಬಡಿಸಿದರು. ಅವಳ ಎದುರಿಗೇ ಕೂತು ಉಂಡೆ. ತುಸು ದೂರದಲ್ಲಿ, ಇವರ ತಂಪು ಕನ್ನಡಕ ಹಾಕಿಕೊಂಡು.