ಹುಟ್ಟದ ಅಜ್ಜನ ಆಸ್ತಿ ಮತ್ತು ಕುರ್ಚಿ ಅಕ್ಕ

ಬೆಳಕು ಇನ್ನೂ ಕಿಟಕಿಯ ಮೇಲಿನ ಗಾಜಿನವರೆಗೆ ಮಾತ್ರ ಬಂದಿದೆ. ತರಬೇತಿ ಸಂಸ್ಥೆಯ ಖಾಲಿ ಸಭಾಂಗಣದಲ್ಲಿ ಒಬ್ಬ ಹೆಂಗಸು ಕುರ್ಚಿಯ ಮೇಲೆ ಕೂರುತ್ತಾರೆ, ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲುತ್ತಾರೆ, ಎದ್ದು ಪಕ್ಕದ ಕುರ್ಚಿಗೆ ಹೋಗುತ್ತಾರೆ. ಅಲ್ಲಿಯೂ ಅದೇ. ಹೊರಗಿನಿಂದ ಇಣುಕಿದವರಿಗೆ ಯಾರೋ ಒಬ್ಬರೇ ಕುರ್ಚಿಯಾಟ ಆಡುತ್ತಿದ್ದಾರೆ, ಆಟದಲ್ಲಿ ಸೋಲುವವರೇ ಇಲ್ಲ ಅನ್ನಿಸಬೇಕು. ಐದನೇ ಸಾಲಿನ ಒಂದು ಕುರ್ಚಿ ಬೆಕ್ಕಿನ ಬಾಲ ತುಳಿದ ಹಾಗೆ ಕಿರುಗುಟ್ಟುತ್ತದೆ. ಅವರ ಮುಖ ಅರಳುತ್ತದೆ. ಅದನ್ನೆತ್ತಿ ಬಾಗಿಲ ಪಕ್ಕಕ್ಕೆ ತಂದಿಡುತ್ತಾರೆ.

"ಭಾಷಣದ ಮಧ್ಯೆ ಎದ್ದು ಹೋಗೋ ಯೋಚನೆ ಇರೋರು ಬಂದ ಕೂಡಲೇ ಬಾಗಿಲ ಹತ್ರಾನೇ ಜಾಗ ಹಿಡೀತಾರೆ. ಅವರಿಗೇ ಅಂತ ಇದು," ಎನ್ನುತ್ತಾರೆ. "ಏಳೋಕೆ ಹೋದ್ರೆ ಇಡೀ ಹಾಲ್ ತಿರುಗಿ ನೋಡತ್ತೆ. ಪಾಪ, ಮತ್ತೆ ಕೂತ್ಕೋತಾರೆ."

ಸಂಸ್ಥೆಯಲ್ಲಿ ಎಲ್ಲರಿಗೂ ಅವರು ಕುರ್ಚಿ ಅಕ್ಕ. ಸಭಾಂಗಣದ ಬಾಗಿಲು ತೆರೆಯುವುದು, ಗುಡಿಸುವುದು, ಕುರ್ಚಿ ಹಾಕುವುದು, ಮೈಕಿನ ವೈರನ್ನು ಯಾರ ಕಾಲಿಗೂ ಸಿಗದಂತೆ ಎಳೆಯುವುದು, ಎಲ್ಲ ಮುಗಿದ ಮೇಲೆ ಮರೆತುಹೋದ ಕೊಡೆ, ಕನ್ನಡಕ, ಒಮ್ಮೊಮ್ಮೆ ನಿದ್ದೆ ಹೋದ ಸಭಿಕರನ್ನೂ ಹೊರಗೆ ಸಾಗಿಸುವುದು ಅವರ ಕೆಲಸ. ಕೆಲವು ದಿನ ಬೆಳಿಗ್ಗೆ ಒಂದು ಸಭೆ, ಮಧ್ಯಾಹ್ನ ಇನ್ನೊಂದು. ಆಗ ನೂರೈವತ್ತು ಕುರ್ಚಿಗಳನ್ನು ಎರಡೆರಡು ಸಲ ಹಾಕಿ ತೆಗೆಯಬೇಕು. ಈ ಕೆಲಸ ಅವರಿಗೆ ಬಂದದ್ದು ಅತ್ತೆಯಿಂದ. ಅತ್ತೆಯ ಮಂಡಿ ಸೋತು ಮೆಟ್ಟಿಲು ಹತ್ತಲಾಗದೆ ಹೋದಾಗ, ಮದುವೆಯಾಗಿ ವರ್ಷ ತುಂಬದ ಸೊಸೆ ಬೀಗದ ಕೈಗೊಂಚಲು ಹಿಡಿದು ಇಲ್ಲಿಗೆ ಬಂದರು.

"ಅತ್ತೆ ನನಗೆ ಕೊಟ್ಟಿದ್ದು ಎರಡೇ. ಒಂದು ಕೀ ಗೊಂಚಲು, ಇನ್ನೊಂದು ಮಂಡಿ ನೋವು," ಎನ್ನುತ್ತಾರೆ. ಮಂಡಿ ನೋವು ಅತ್ತೆಯಿಂದ ಸೊಸೆಗೆ ಹೇಗೆ ಬರುತ್ತದೆ ಎಂದರೆ ಉತ್ತರ ತಯಾರಿದೆ. "ಅವರೆತ್ತಿದ ಕುರ್ಚೀನೇ ನಾನೂ ಎತ್ತಿದ್ದು. ಮತ್ತೆ ಬೇರೆ ನೋವು ಎಲ್ಲಿಂದ ಬರತ್ತೆ?"

ಆಗಿನ ಮ್ಯಾನೇಜರರಿಗೆ ಈ ಏರ್ಪಾಡು ಹಿಡಿಸಿರಲಿಲ್ಲ. ಆ ಜಾಗಕ್ಕೆ ತಮ್ಮ ಹೆಂಡತಿಯ ತಂಗಿಯ ಗಂಡನನ್ನು ತರುವ ಆಸೆ ಅವರಿಗಿತ್ತು. ಹಾಗಾಗಿ ಸೊಸೆಯನ್ನು 'ಟ್ರಯಲ್ ಮೇಲೆ' ಇಟ್ಟುಕೊಂಡರು. ತಪ್ಪು ಹುಡುಕಲು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಸರಿಯಾಗಿ ಆ ಹೊತ್ತಿಗೆ ಬಂತು ಕಂಪ್ಯೂಟರಿನವರ ಕಾರ್ಯಾಗಾರ.

ಅದು ಸುಮಾರು ಮೂವತ್ತೈದು ವರ್ಷದ ಹಿಂದಿನ ಮಾತು. ಕಂಪ್ಯೂಟರ್ ಎಂದರೆ ಬೀರುವಿನಷ್ಟು ದೊಡ್ಡದು, ಅದರ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕು ಎಂಬ ಕಾಲ. ಆಗ ಹೊಸದೊಂದು ಪ್ರೋಗ್ರಾಮಿಂಗ್ ಭಾಷೆ ಬಂದಿತ್ತು. ಮಾಡಬೇಕಾದ ಕೆಲಸಗಳನ್ನು ಒಂದರ ಕೆಳಗೊಂದು ಬರೆದು ಕಂಪ್ಯೂಟರಿಗೆ ಒಪ್ಪಿಸುವ ಬದಲು, ಅದರೊಳಗೆ 'ವಸ್ತು'ಗಳನ್ನು ಹುಟ್ಟಿಸಿ ಅವುಗಳಿಂದ ಕೆಲಸ ಮಾಡಿಸುವ ಭಾಷೆ. ವಸ್ತುಗಳಿಗೆ ಜಾತಿಗಳಿದ್ದ ಹಾಗೆ 'ಕ್ಲಾಸು'ಗಳು. ಒಂದು ಕ್ಲಾಸಿನ ಗುಣಗಳು ಅದರಿಂದ ಹುಟ್ಟಿದ ಇನ್ನೊಂದು ಕ್ಲಾಸಿಗೆ ಅಪ್ಪನ ಆಸ್ತಿ ಮಗನಿಗೆ ಬಂದ ಹಾಗೆ ತಾವಾಗಿಯೇ ಬರುತ್ತವೆ. ಹೀಗಾಗಿ ಆ ಭಾಷೆಯವರು ನಾಲ್ಕು ಜನ ಸೇರಿದರೆ ಅಪ್ಪ, ಅಮ್ಮ, ಮಗು, ಅಜ್ಜ, ಆಸ್ತಿ ಎನ್ನದೆ ಅವರಿಗೆ ಮಾತೇ ಹೊರಡುತ್ತಿರಲಿಲ್ಲ.

ಇದೆಲ್ಲ ಕುರ್ಚಿ ಅಕ್ಕನಿಗೆ ಹೇಗೆ ಗೊತ್ತಾಗಬೇಕು? ಅವರಿಗೆ ಗೊತ್ತಿದ್ದದ್ದು ಮೂವತ್ತು ಕುರ್ಚಿ ಹಾಕಬೇಕು ಎಂಬುದಷ್ಟೇ. ಈ ಭಾಷೆ ಬಳಸುವವರು ಪ್ರಪಂಚದಲ್ಲೇ ಬೆರಳೆಣಿಕೆಯಷ್ಟು ಎಂದು ಕಾರ್ಯಾಗಾರದ ಸಂಚಾಲಕರು ನಂಬಿದ್ದರು. ಮೊದಲ ದಿನ ಬೆಳಿಗ್ಗೆ ಬಾಗಿಲ ಮುಂದೆ ನೂರಕ್ಕೂ ಮೀರಿ ಜನ ನಿಂತಿದ್ದರು. ಸಂಸ್ಥೆಯಲ್ಲಿ ಆಗ ಇದ್ದದ್ದು ಒಟ್ಟು ಐವತ್ತೇ ಕುರ್ಚಿ. ಮ್ಯಾನೇಜರು ಕೈಕಟ್ಟಿ ನಿಂತು, "ಹಾಲ್ ನಿಮ್ಮ ಜವಾಬ್ದಾರಿ ಅಲ್ವಾ? ನೋಡ್ಕೊಳ್ಳಿ," ಎಂದರು. ಆ ದನಿಯಲ್ಲಿ ಹೆಂಡತಿಯ ತಂಗಿಯ ಗಂಡ ಆಗಲೇ ಕುರ್ಚಿ ಒರೆಸುತ್ತಿದ್ದ.

ಅಕ್ಕ ಸೆರಗು ಸಿಕ್ಕಿಸಿ ಬೀದಿಗಿಳಿದರು. ಎದುರಿನ ಹೋಟೆಲಿನಿಂದ ಸ್ಟೂಲು, ಪಕ್ಕದ ಶಾಲೆಯಿಂದ ಒಂದನೇ ತರಗತಿಯ ಬೆಂಚು, ಹೊಲಿಗೆ ಅಂಗಡಿಯಿಂದ ಎರಡು ಕುರ್ಚಿ. ಏನೂ ಸಾಲದೆ ಕ್ಷೌರದಂಗಡಿಗೆ ಹೋದರು. ಅಲ್ಲಿ ಹಿಂಬದಿಯಲ್ಲಿ ಹಳೆಯ ತಿರುಗುವ ಕುರ್ಚಿಯೊಂದಿತ್ತು.

"ಇದು ತಲೆ ಇರೋರು ಕೂರೋ ಕುರ್ಚಿ ಅಕ್ಕಾ, ಹುಷಾರು," ಎಂದನಂತೆ ಕ್ಷೌರಿಕ.

"ಬಂದಿರೋರೆಲ್ಲ ಬರೀ ತಲೆಯವರೇ ಕಣಣ್ಣ, ಕೊಡು," ಎಂದು ಹೊರಿಸಿಕೊಂಡು ಬಂದರು.

ಹತ್ತು ಗಂಟೆಗೆ ಎಲ್ಲರೂ ಕೂತಿದ್ದರು. ದೊಡ್ಡ ದೊಡ್ಡ ವಿದ್ವಾಂಸರು ಒಂದನೇ ತರಗತಿಯ ಬೆಂಚಿನಲ್ಲಿ ಮಂಡಿ ಕಿವಿಗೆ ತಾಗಿಸಿಕೊಂಡು ಕೂತಿದ್ದರು. ಕ್ಷೌರದ ಕುರ್ಚಿ ಮುಖ್ಯ ಅತಿಥಿಗಳ ಪಾಲಾಯಿತು. ಅವರು ಯಾರ ಮಾತಿಗೆ ತಲೆಯಾಡಿಸಿದರೂ ಅರ್ಧ ಸುತ್ತು ತಿರುಗಿ ಗೋಡೆ ನೋಡುತ್ತಿದ್ದರು.

ಎರಡನೇ ದಿನ ಜಗಳ ಶುರುವಾಯಿತು. ಒಂದು ಕಡೆ ಗಡ್ಡದವರೊಬ್ಬರು, ಇನ್ನೊಂದು ಕಡೆ ಎತ್ತರದ ಮೇಡಂ ಒಬ್ಬರು. ಒಂದು ಕ್ಲಾಸು ಒಬ್ಬರಿಂದಲೇ ಹುಟ್ಟಬೇಕೋ, ಇಬ್ಬರಿಂದ ಹುಟ್ಟಬಹುದೋ ಎಂಬುದು ವಿಷಯ. ಇಬ್ಬರು ಬೇಕೇ ಬೇಕು ಎಂದು ಗಡ್ಡದವರು. ಹಾಗೆ ಮಾಡಿದರೆ ಎಲ್ಲ ಕಲಸಿಹೋಗುತ್ತದೆ ಎಂದು ಮೇಡಂ. ಅಕ್ಕ ಚಹಾದ ಲೋಟಗಳನ್ನು ಎತ್ತಿಕೊಳ್ಳಲು ಒಳಗೆ ಹೋದಾಗ ಜಗಳ ಕಾವೇರಿತ್ತು.

"ಅಜ್ಜನ ಆಸ್ತಿ ಮೊಮ್ಮಗನಿಗೆ ಎರಡೆರಡು ಸಲ ಬರತ್ತೆ! ಅಪ್ಪನ ಕಡೆಯಿಂದ ಒಂದು, ಅಮ್ಮನ ಕಡೆಯಿಂದ ಒಂದು! ಇದನ್ನ ಯಾರು ಸರಿ ಮಾಡ್ತಾರೆ?" ಎಂದು ಮೇಡಂ ಮೇಜು ಗುದ್ದುತ್ತಿದ್ದರು.

"ಬರ್ಲಿ ಬಿಡಿ! ನಿಮಗೇನು ಕಷ್ಟ?" ಎಂದು ಗಡ್ಡದವರು ಕೂಗುತ್ತಿದ್ದರು.

ಅಕ್ಕ ಈಗಲೂ ಆ ಗಳಿಗೆ ನೆನೆದು ಎದೆ ಮುಟ್ಟಿಕೊಳ್ಳುತ್ತಾರೆ. "ಅಣ್ಣ ತಂಗಿ ಅಂದ್ಕೊಂಡೆ ನಾನು. ಅಷ್ಟು ಜನದ ಎದುರಿಗೆ ಆಸ್ತಿ ಜಗಳ! ಸಾಲದ್ದಕ್ಕೆ ಬೋರ್ಡಿನ ಮೇಲೆ ವಂಶವೃಕ್ಷ ಬೇರೆ. ಅಪ್ಪನಿಗೂ ಅಮ್ಮನಿಗೂ ಒಬ್ಬರೇ ಅಪ್ಪ ಅಂತ ಗೆರೆ ಎಳೆದೇ ಬಿಟ್ಟಿದ್ರು. ಇಂಥಾದ್ದನ್ನೆಲ್ಲ ಯಾರಾದ್ರೂ ಬೋರ್ಡಿನ ಮೇಲೆ ಬರೀತಾರಾ?"

ಮಧ್ಯಾಹ್ನದ ಹೊತ್ತಿಗೆ ಸಭೆ ಎರಡು ಹೋಳಾಗಿತ್ತು. ಗಡ್ಡದವರ ಕಡೆಯವರು ಕಿಟಕಿಯ ಪಕ್ಕ, ಮೇಡಂ ಕಡೆಯವರು ಗೋಡೆಯ ಪಕ್ಕ. ನಾಳೆ ಬರುವುದೇ ಇಲ್ಲ, ನಮ್ಮದೇ ಬೇರೆ ಸಂಘ ಕಟ್ಟುತ್ತೇವೆ ಎಂಬ ಮಾತೂ ಎದ್ದಿತು. ಸಂಚಾಲಕರು ವರಾಂಡದಲ್ಲಿ ತಲೆ ಮೇಲೆ ಕೈಹೊತ್ತು ಕೂತಿದ್ದರು. ಸಭೆ ಮುರಿದುಬಿದ್ದರೆ ತನ್ನ ಕೆಲಸವೂ ಮುರಿದುಬೀಳುತ್ತದೆ ಎಂದು ಅಕ್ಕನಿಗೆ ಹೊಳೆಯಿತು. ಅವರು ಮಾಡಿದ್ದು ಒಂದೇ ಕೆಲಸ. ಸೋದರಮಾವನಿಗೆ ಹೇಳಿ ಕಳಿಸಿದರು.

ಸೋದರಮಾವ ಕೋರ್ಟಿನಲ್ಲಿ ಜವಾನರಾಗಿ ನಿವೃತ್ತರಾದವರು. ಸುತ್ತಲ ನಾಲ್ಕು ಬೀದಿಯ ಪಾಲು ಪಂಚಾಯಿತಿಗಳೆಲ್ಲ ಅವರ ಜಗುಲಿಯಲ್ಲೇ ಮುಗಿಯುತ್ತಿದ್ದವು. ಸುದ್ದಿ ಮುಟ್ಟಿದ್ದೇ ತಡ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೊಡೆ ಹಿಡಿದು ಬಂದು ಮೊದಲ ಸಾಲಿನಲ್ಲೇ ಕೂತರು. ಎರಡೂ ಕಡೆಯವರು ಅವರನ್ನು ಎದುರು ಕಡೆಯವರು ಕರೆಸಿದ ದೊಡ್ಡ ತಜ್ಞ ಎಂದುಕೊಂಡು ಸ್ವಲ್ಪ ಮೆತ್ತಗಾದರು. ಮಾವ ತುಂಬ ಹೊತ್ತು ಕಣ್ಣು ಮುಚ್ಚಿ ಕೇಳಿದರು. ಪ್ರಶ್ನೆಗಳಿದ್ದರೆ ಕೇಳಬಹುದು ಎಂದಾಗ ಕೊಡೆ ಊರಿ ಎದ್ದರು.

"ಎರಡೂ ಕಡೆ ವಾದ ಕೇಳ್ದೆ. ಮೊದಲು ಒಂದು ಹೇಳಿ. ಈ ಅಜ್ಜ ಬದುಕಿದ್ದಾರಾ?"

ಗಡ್ಡದವರು ಗಂಭೀರವಾಗಿ ಯೋಚಿಸಿ ಹೇಳಿದರು. "ಇಲ್ಲ. ಅಜ್ಜ ಅನ್ನೋದು ಬರೀ ಕಲ್ಪನೆಯ ಕ್ಲಾಸು. ಅವರು ಅಂತ ಯಾರೂ ಇರೋದಿಲ್ಲ."

"ತೀರಿಕೊಂಡ್ರಾ?"

"ತೀರಿಕೊಂಡಿಲ್ಲ. ಹುಟ್ಟೇ ಇಲ್ಲ," ಎಂದರು ಮೇಡಂ. ಎರಡು ದಿನದಲ್ಲಿ ಅವರಿಬ್ಬರೂ ಒಪ್ಪಿಕೊಂಡ ಮೊದಲ ಮಾತು ಅದು.

ಮಾವ ಇಬ್ಬರನ್ನೂ ಸರದಿಯಲ್ಲಿ ನೋಡಿದರು. "ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸಿದೋರನ್ನ ನಾನು ಕೇಳಿದ್ದೆ. ಅಜ್ಜ ಹುಟ್ಟೋಕೆ ಮುಂಚೆ ಆಸ್ತಿ ಪಾಲು ಕೇಳೋರನ್ನ ಇವತ್ತೇ ನೋಡಿದ್ದು!"

ಗಡ್ಡದೊಳಗಿಂದ ಒಂದು ನಗೆ ಒಡೆಯಿತು. ಮೇಡಂ ಬೋರ್ಡಿಗೆ ಒರಗಿ ನಕ್ಕರು. ಅವರ ಬೆನ್ನಿಗೆ ವಂಶವೃಕ್ಷ ಅಚ್ಚೊತ್ತಿತು. ಒಂದನೇ ತರಗತಿಯ ಬೆಂಚೊಂದು ನಗೆಯ ಭಾರಕ್ಕೆ ಮುರಿದು ನಾಲ್ವರು ವಿದ್ವಾಂಸರು ನೆಲಕ್ಕೆ ಬಿದ್ದರು. ಮುಖ್ಯ ಅತಿಥಿಗಳು ಪೂರ್ತಿ ಎರಡು ಸುತ್ತು ತಿರುಗಿದರು. ಎಲ್ಲರೂ ಏಕೆ ನಗುತ್ತಿದ್ದಾರೆಂದು ತಿಳಿಯದೆ ನಿಂತಿದ್ದವರು ಮಾವ ಮತ್ತು ಅಕ್ಕ ಇಬ್ಬರೇ.

ನಗದೆ ಉಳಿದ ಇನ್ನೊಬ್ಬರು ಮ್ಯಾನೇಜರು. ಸಂಜೆ ಅಕ್ಕನನ್ನು ಕರೆಸಿದರು. "ಯಾರ್ಯಾರನ್ನೋ ಒಳಗೆ ಬಿಡೋಕೆ ಇದೇನು ನಿಮ್ಮ ಮಾವನ ಮನೇನಾ?"

"ಬಂದಿದ್ದೋರು ಮಾವನೇ ಸಾರ್," ಎಂದರು ಅಕ್ಕ. ಅದು ಉಡಾಫೆಯಲ್ಲ, ಕೇಳಿದ್ದಕ್ಕೆ ಕೊಟ್ಟ ಉತ್ತರ. ಆದರೆ ಬೆಂಕಿಗೆ ತುಪ್ಪ ಸುರಿದಂತಾಯಿತು. ಬೀಗದ ಕೈಗೊಂಚಲು ಮೇಜಿನ ಮೇಲಿಟ್ಟು ಹೋಗಿ, ನಾಳೆಯಿಂದ ಬರಬೇಡಿ ಎಂದುಬಿಟ್ಟರು ಮ್ಯಾನೇಜರು.

ಅಕ್ಕ ಅಳಲಿಲ್ಲ. ಅವರಿಗಿದ್ದ ಚಿಂತೆ ಬೇರೆ. ತನ್ನ ಮಾತಿನ ಮೇಲೆ ಬೀದಿಯವರೆಲ್ಲ ಕುರ್ಚಿ ಕೊಟ್ಟಿದ್ದಾರೆ, ಹೊಣೆ ತನ್ನದು. ಮನೆಗೆ ಹೋಗುವ ದಾರಿಯಲ್ಲಿ ಹೋಟೆಲಿನವರಿಗೆ, ಶಾಲೆಯ ಮೇಷ್ಟರಿಗೆ, ಹೊಲಿಗೆಯವರಿಗೆ, ಕ್ಷೌರಿಕನಿಗೆ ಒಬ್ಬೊಬ್ಬರಿಗೂ ಹೇಳಿದರು. "ನಾಳೆಯಿಂದ ನಾನಿರಲ್ಲ. ನಿಮ್ಮ ನಿಮ್ಮ ಕುರ್ಚಿ ನೀವೇ ನೋಡ್ಕೊಳ್ಳಿ. ಒಂದು ಬೆಂಚು ಮುರಿದಿದೆ, ಅದನ್ನ ನಮ್ಮ ಮನೆಯವರು ರಿಪೇರಿ ಮಾಡಿಕೊಡ್ತಾರೆ."

ಮರುದಿನ ಬೆಳಿಗ್ಗೆ ಎಲ್ಲರೂ ಬಂದು ತಂತಮ್ಮ ಕುರ್ಚಿ ನೋಡಿಕೊಂಡರು. ಅಂದರೆ, ಹೊತ್ತುಕೊಂಡು ಹೋದರು. ಅಡ್ಡ ಬಂದ ಮ್ಯಾನೇಜರಿಗೆ ಕ್ಷೌರಿಕ ಹೇಳಿದ್ದು ಇಷ್ಟೇ: "ನಾನು ಕೊಟ್ಟಿದ್ದು ಅಕ್ಕನಿಗೆ ಸ್ವಾಮಿ, ಆಫೀಸಿಗಲ್ಲ." ಆ ಹೊತ್ತಿಗೆ ಮುಖ್ಯ ಅತಿಥಿಗಳು ಅದರಲ್ಲೇ ಕೂತಿದ್ದರು. ಅವರನ್ನು ಮರ್ಯಾದೆಯಿಂದ ಎಬ್ಬಿಸಿದ.

ಅರ್ಧಕ್ಕರ್ಧ ಸಭೆ ನಿಂತೇ ಇತ್ತು. ಬೇರೆ ದಾರಿ ಕಾಣದೆ ಮ್ಯಾನೇಜರು ಸೈಕಲ್ ಹತ್ತಿ ಅಕ್ಕನ ಮನೆಗೆ ಹೋದರು. ಅಕ್ಕ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದರು.

"ಆಗಿದ್ದಾಯ್ತು, ಬನ್ನಿ," ಎಂದರು ಮ್ಯಾನೇಜರು, ನೆಲ ನೋಡುತ್ತ.

ಅಕ್ಕ ಕೈ ಒರೆಸಿಕೊಂಡು ಎದ್ದೇಬಿಟ್ಟಿದ್ದರು. ಒಳಗಿನಿಂದ ಮಂಚದ ಮೇಲಿದ್ದ ಅತ್ತೆಯ ದನಿ ಬಂತು. "ಕೂತ್ಕೊಳೇ ಸುಮ್ಮನೆ! ಟ್ರಯಲ್ಲಿಗೆ ಕರೀತಾ ಇದಾರೋ, ಕಾಯಮ್ಮಿಗೋ, ಅದನ್ನ ಮೊದಲು ಕೇಳು."

ಮ್ಯಾನೇಜರು ಸೈಕಲ್ಲಿನ ಗಂಟೆಯನ್ನು ಸುಮ್ಮನೆ ಎರಡು ಸಲ ಬಾರಿಸಿದರು. "ಕಾಯಂ," ಎಂದರು.

"ಗಟ್ಟಿಯಾಗಿ ಹೇಳೋಕೆ ಹೇಳು. ನನಗೆ ಮಂಡಿ ಅಷ್ಟೇ ಅಲ್ಲ, ಕಿವೀನೂ ಮಂದ," ಎಂದಿತು ಒಳಗಿನ ದನಿ. ಅತ್ತೆಯ ಕಿವಿಗೆ ಇರುವೆ ನಡೆದದ್ದೂ ಕೇಳುತ್ತಿತ್ತು. ಆದರೂ ಮ್ಯಾನೇಜರು ಬೀದಿಗೆಲ್ಲ ಕೇಳುವಂತೆ ಕೂಗಿ ಹೇಳಬೇಕಾಯಿತು.

ಅಕ್ಕ ಬಂದರು, ಅವರ ಹಿಂದೆಯೇ ಕುರ್ಚಿಗಳೂ ಬಂದವು. ಸಭೆ ನಡೆಯಿತು. ಆ ಭಾಷೆಯವರು ಮುಂದೆ ಎಲ್ಲೆಲ್ಲೋ ದೊಡ್ಡ ಸಮ್ಮೇಳನ ಮಾಡಿದರಂತೆ, ಲಕ್ಷಾಂತರ ಜನ ಅದನ್ನು ಕಲಿತರಂತೆ. ಆ ಚರಿತ್ರೆಯಲ್ಲಿ ಕುರ್ಚಿ ಹಾಕಿದವರ ಹೆಸರಿಲ್ಲ. ಕೇಳಿದರೆ ಅಕ್ಕ ನಗುತ್ತಾರೆ. "ಹೆಸರು ಬರೆದ್ರೆ ಮಾವನದೂ ಬರೀಬೇಕಾಗತ್ತೆ. ಬೇಡ ಬಿಡಿ." ಜಗಳ ಯಾತಕ್ಕೆ ಎಂದು ಎಷ್ಟೋ ವರ್ಷದ ಮೇಲೆ ಒಬ್ಬ ಎಂಜಿನಿಯರು ವಿವರಿಸಿ ಹೇಳಿದರಂತೆ. "ಅರ್ಥ ಆಗ್ಲಿಲ್ಲ. ಅಜ್ಜ ಹುಟ್ಟೇ ಇಲ್ಲ ಅಂದ್ಮೇಲೆ ಆಸ್ತಿ ಎಲ್ಲಿಂದ ಬಂತು ಅಂತ ನನಗೆ ಇವತ್ತಿಗೂ ಅನುಮಾನ."

ಈಗ ಅಕ್ಕನ ನಿವೃತ್ತಿ ಹತ್ತಿರ ಬಂದಿದೆ. ಸಭಾಂಗಣವನ್ನು ಹೊಸದು ಮಾಡುವ ಮಾತು ನಡೆದಿದೆ. ಮೆತ್ತನೆಯ ಆಸನ ತಂದು ನೆಲಕ್ಕೆ ಬೋಲ್ಟು ಹಾಕಿ ಕೂರಿಸುತ್ತಾರಂತೆ. ಇನ್ನು ಎತ್ತುವುದಿಲ್ಲ, ಹಾಕುವುದಿಲ್ಲ, ಮಂಡಿಗೆ ಸುಖ. ಅಕ್ಕನಿಗೆ ಮಾತ್ರ ಅದು ಸೇರಿಲ್ಲ. ಬೋಲ್ಟು ಹಾಕುವುದಾದರೆ ನಾನು ಹೋದಮೇಲೆ ಹಾಕಿ ಎಂದು ಈಗಿನ ಮ್ಯಾನೇಜರಲ್ಲಿ ಕೇಳಿಕೊಂಡಿದ್ದಾರೆ. ಕಾರಣ ಕೇಳಿದರೆ, ಆ ಕಾರ್ಯಾಗಾರದ ಕೊನೆಯ ಸಂಜೆ ಹಾಲಿಗೆ ಬೀಗ ಹಾಕಲು ಹೋದದ್ದನ್ನು ಹೇಳುತ್ತಾರೆ. ಬೆಳಿಗ್ಗೆ ಹಾಕಿದ್ದ ಸಾಲು ಒಂದೂ ಉಳಿದಿರಲಿಲ್ಲ. ಎಲ್ಲೆಂದರಲ್ಲಿ ಐದು, ಆರು ಕುರ್ಚಿ ಎಳೆದುಕೊಂಡು ಸುತ್ತ ಕೂತು ಮಾತಾಡಿ ಎದ್ದು ಹೋಗಿದ್ದರು. ಬೋರ್ಡಿನ ಹತ್ತಿರ ಎರಡೇ ಕುರ್ಚಿ ಎದುರುಬದುರಾಗಿದ್ದವು. ಅಲ್ಲಿ ಗಡ್ಡದವರೂ ಮೇಡಮ್ಮೂ ಇನ್ನೂ ಕೂತೇ ಇದ್ದರು, ಮೆಲ್ಲಗೆ ಜಗಳವಾಡುತ್ತ.

"ಸಾಲು ಸಾಲಾಗೇ ಉಳಿದಿದ್ರೆ ಅವತ್ತು ಏನೂ ನಡೆದಿಲ್ಲ ಅಂತ ಲೆಕ್ಕ," ಎನ್ನುತ್ತಾರೆ ಅಕ್ಕ, ಕೊನೆಯ ಸಾಲನ್ನು ಕಣ್ಣಳತೆಯಲ್ಲೇ ನೇರ ಮಾಡುತ್ತ. "ಬೆಳಿಗ್ಗೆ ನಾನು ಇಷ್ಟು ನೆಟ್ಟಗೆ ಹಾಕೋದೇ, ಸಂಜೆ ಅವರು ಕೆಡಿಸ್ಲಿ ಅಂತ."